ಅಂಬಿಗ ಹುಟ್ಟು ಕೆಳಗಿಟ್ಟದ್ದೇಕೆ?

ನಾನು ಒಂದು ಇಂಗ್ಲಿಷ್ ಅಭ್ಯಾಸ ಪುಸ್ತಕ. ಚೀನಾದ ಹೈಸ್ಕೂಲು ಮಕ್ಕಳಿಗೆಂದು ಅಚ್ಚಾದದ್ದು. ನನ್ನೊಳಗೆ ಅರವತ್ತು ಪುಟ್ಟ ಕಥೆಗಳಿವೆ, ಪ್ರತಿ ಕಥೆಯ ಕೆಳಗೂ ಪ್ರಶ್ನೆಗಳು, ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆಗಳು. ಸರಿಯುತ್ತರಗಳೆಲ್ಲ ಕೊನೆಯ ಪುಟದಲ್ಲಿ. ಅಲ್ಲಿ ಒಂದು ಉತ್ತರ ಮಾತ್ರ ತಪ್ಪಾಗಿ ಅಚ್ಚಾಗಿತ್ತು. ನನಗದು ಹುಟ್ಟಿನಿಂದಲೇ ಗೊತ್ತು. ಬಾಯಿಲ್ಲದ ನಾನು ಯಾರಿಗೆ ಹೇಳಲಿ?

ನನ್ನನ್ನು ಮೊದಲು ಕೊಂಡವನು ಫಂಗ್ ರುಹೈ, ನದಿ ದಂಡೆಯ ಊರಿನ ಹುಡುಗ. ಅವನ ತಾತ ದೋಣಿ ನಡೆಸಿದವರು. ನನ್ನ ಹದಿನೇಳನೆಯ ಕಥೆಯೂ ಅಂಬಿಗನೊಬ್ಬನದೇ. ದಟ್ಟ ಮಂಜಿನಲ್ಲಿ ನಡುಹೊಳೆಗೆ ಬಂದವನು ಹುಟ್ಟು ಕೆಳಗಿಡುತ್ತಾನೆ. ಯಾಕೆ? ದಡದ ನಾಯಿಗಳ ಸದ್ದು ಕೇಳಲು ಎಂದು ರುಹೈ ಖುಷಿಯಿಂದ ಗುರುತು ಹಾಕಿದ. ಕೊನೆಯ ಪುಟ ತೆಗೆದರೆ, ‘ದಣಿದಿದ್ದರಿಂದ’ ಎಂದಿತ್ತು.

ಐದು ಸಲ ಓದಿದ. “ಇಷ್ಟು ಸುಲಭದ್ದೂ ಅರ್ಥವಾಗ್ಲಿಲ್ಲ ಅಂದ್ರೆ ಇಂಗ್ಲಿಷ್ ನನ್ನ ತಲೆಗೆ ಹತ್ತೋದಲ್ಲ” ಎಂದು ನನ್ನನ್ನು ಮುಚ್ಚಿಟ್ಟ. ಆಮೇಲೆ ಅವನು ಕಥೆಗಳನ್ನು ಓದಲಿಲ್ಲ. ಉತ್ತರ ನೋಡಿ ತುಂಬಿಸುತ್ತಿದ್ದ. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷೇ ಅವನನ್ನು ಕೆಳಗೆಳೆಯಿತು. ಟೈರ್ ಅಂಗಡಿ ಸೇರಿದ. ಒಂದೇ ಪ್ರಶ್ನೆಯಿಂದ ಹೀಗಾಯಿತೆಂದು ನಾನು ಹೇಳಲಾರೆ. ಆದರೆ ಅವನು ಓದು ಬಿಟ್ಟದ್ದು ಆ ಸಂಜೆಯಿಂದಲೇ.

ಮೂರು ವರ್ಷದ ಮೇಲೆ ನಾನು ಅವನ ಚಿಕ್ಕಪ್ಪನ ಮಗಳು ಸುಯುನ್ ಕೈ ಸೇರಿದೆ. ಅಣ್ಣನ ಗುರುತುಗಳನ್ನೆಲ್ಲ ಅಳಿಸುತ್ತ ಬಂದವಳು ಹದಿನೇಳನೆಯ ಕಥೆಯಲ್ಲಿ ರಬ್ಬರ್ ಕೆಳಗಿಟ್ಟಳು. ಮರುದಿನ ತರಗತಿಯಲ್ಲಿ ಎದ್ದು ನಿಂತಳು.

“ಮೇಷ್ಟ್ರೇ, ಅಂಬಿಗ ದಣಿದಿದ್ದ ಅಂತ ಎಲ್ಲಿದೆ?”

“ಉತ್ತರದ ಪುಟದಲ್ಲೇ ಇದೆಯಲ್ಲಮ್ಮ” ಎಂದರು ಥಾವ್ ಮೇಷ್ಟ್ರು. ಹುಡುಗರೆಲ್ಲ ನಕ್ಕರು.

ಸುಯುನ್ ಕೂರಲಿಲ್ಲ. “ಕಥೆಯಲ್ಲಿ ಎಲ್ಲಿದೆ ಮೇಷ್ಟ್ರೇ? ಅವನು ಉಸಿರು ಬಿಗಿಹಿಡಿದ, ನಾಯಿ ಬೊಗಳಿದ ಕಡೆಗೆ ದೋಣಿ ತಿರುಗಿಸಿದ ಅಂತಿದೆ. ದಣಿದವನು ಏದುಸಿರು ಬಿಡ್ತಾನೆ, ಉಸಿರು ಹಿಡಿಯಲ್ಲ.”

ಮೇಷ್ಟ್ರು ಕನ್ನಡಕ ಹಾಕಿಕೊಂಡು ನನ್ನನ್ನು ಎತ್ತಿಕೊಂಡರು. ಮೊದಲ ಸಾಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

“ಇಷ್ಟು ವರ್ಷ ನಾನು ಈ ಕಥೆ ಓದೇ ಇಲ್ಲ. ಉತ್ತರ ನೋಡಿ ಅಂಕ ಹಾಕ್ತಾ ಬಂದೆ. ತಪ್ಪು ನನ್ನದು” ಎಂದು ಕೆಂಪು ಪೆನ್ನಿನಿಂದ ಆ ಉತ್ತರ ಹೊಡೆದುಹಾಕಿದರು. ನನ್ನ ಬೆನ್ನ ಮೇಲಿನ ಬಂಡೆ ಇಳಿದಂತಾಯಿತು. “ಈ ಹಳೇ ಗುರುತು ಯಾರದು? ನನ್ನ ಹತ್ರ ಓದಿದ ನಿಮ್ಮಣ್ಣ ರುಹೈನದಾ? ಅವನಿಗೂ ಹೇಳಮ್ಮ, ಮರೀಬೇಡ.”

ಭಾನುವಾರ ಅವಳು ನನ್ನನ್ನು ಟೈರ್ ಅಂಗಡಿಗೆ ಒಯ್ದಳು. “ಅಣ್ಣ, ನೀನು ಬರೆದದ್ದೇ ಸರಿ ಕಣೋ. ಪುಸ್ತಕವೇ ತಪ್ಪು.”

ರುಹೈ ಕೈಯ ಮಸಿ ಒರೆಸಿಕೊಂಡು, ಟೈರಿನ ಮೇಲೆ ಕೂತು ಕೆಂಪು ಗೀಟನ್ನು ನೋಡಿದ. “ಹಾಗಾದ್ರೆ ನನಗೆ ಅರ್ಥವಾಗಿತ್ತು” ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ನಕ್ಕ. ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ.

ಸುಯುನ್ ಪರೀಕ್ಷೆ ಮುಗಿಸಿ ಕಾಲೇಜಿಗೆ ಹೋದಳು. ನಾನು ಈ ಅಂಗಡಿಯಲ್ಲೇ ಉಳಿದೆ, ಪಂಚರ್ ಅಂಟಿನ ಡಬ್ಬಗಳ ಪಕ್ಕ. ರಟ್ಟು ಕಿತ್ತುಹೋಗಿದೆ, ಅಂಚುಗಳಿಗೆ ಗ್ರೀಸು ಮೆತ್ತಿದೆ. ಹಳಬನಾದರೂ ಕೆಲಸ ತಪ್ಪಿಲ್ಲ. ಬಿಡುವಾದಾಗ ರುಹೈ ನನ್ನನ್ನು ತೆರೆಯುತ್ತಾನೆ. ಉತ್ತರ ತಪ್ಪಾದರೆ ತಲೆ ಕೆರೆದುಕೊಂಡು ಮತ್ತೆ ಓದುತ್ತಾನೆ, ಮುಚ್ಚಿಡುವುದಿಲ್ಲ.

ನಿನ್ನೆ ಹೊರಗೆ ಗಿರಾಕಿಯೊಬ್ಬ ಬಿಡದೆ ಹಾರನ್ ಹೊಡೆದ. ರುಹೈ ತಲೆಯೆತ್ತದೆ ಕೂಗಿದ: “ಒಂದ್ನಿಮಿಷ ತಡೀರಿ ಸ್ವಾಮಿ, ಈ ಪುಟ ಮುಗಿಸಿ ಬರ್ತೀನಿ!”