ನಸುಕಿನಲ್ಲಿ ಅಳೆದ ನೀರು

ಆಂಡೀಸ್ ಬೆಟ್ಟದ ಚಕಿಪಂಪ ಊರಿನಲ್ಲಿ ಬಸಿಲಿಯಾಳದೇ ಕೊನೆಯ ಮನೆ. ನೀರಿನ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ಹತ್ತಿ ಇಳಿದು ಅವಳ ಮೊಣಕಾಲುಗಳು ಸವೆದಿದ್ದವು. ಮನೆಗೊಂದು ನಲ್ಲಿ ಹಾಕುವ ಯೋಜನೆ ಬಂದಾಗ ಮೊದಲು ಹೆಬ್ಬೆಟ್ಟು ಒತ್ತಿದವಳು ಅವಳೇ. ಈಗ ನೀರಿನ ಸಮಿತಿಯ ರೆಮಿಹಿಯೊ ಅಡ್ಡಗಾಲು ಹಾಕುತ್ತಿದ್ದ.

"ಆ ಹಳ್ಳ ನಂಬಿ ಅಷ್ಟೊಂದು ನಲ್ಲಿ ಬೇಡ ಅಕ್ಕ."

"ಹಳ್ಳದ ಪಕ್ಕದಲ್ಲಿ ಮನೆ ಇರೋನಿಗೆ ಕ್ಯಾನಿನ ಭಾರ ಏನ್ ಗೊತ್ತು!" ಬಸಿಲಿಯಾ ರೇಗಿದಳು. "ದಿನಾ ಮಧ್ಯಾಹ್ನ ಅಲ್ಪಾಕ ಮಂದೆ ಮೇಯಿಸೋಕೆ ಅಲ್ಲಿಗೇ ಹೋಗ್ತೀನಿ. ನಮ್ಮಪ್ಪನ ಕಾಲದಲ್ಲೂ ಇಷ್ಟು ನೀರಿರಲಿಲ್ಲ. ಯೋಜನೆಯ ಎಂಜಿನಿಯರೂ ನೀರು ಅಳೆದನಲ್ಲ?"

"ಅಳೆದ. ಊಟ ಮುಗಿಸಿ ನಿಧಾನಕ್ಕೆ ಹೋಗಿ ಅಳೆದ. ನಾಳೆ ಬಿಸಿಲು ಬೀಳೋ ಮುಂಚೆ ಬಾ. ಬಕೆಟ್ ನೀನೇ ತಾ."

"ಬರ್ತೀನಿ. ಸುಳ್ಳಾದ್ರೆ ಅದೇ ಬಕೆಟ್ ನಿನ್ನ ತಲೆಗೆ ಕವುಚಿ ಹಾಕ್ತೀನಿ."

ಆಗಸ್ಟ್ ತಿಂಗಳು, ಅಲ್ಲಿ ಒಣಗಾಲ. ಮಳೆ ನಿಂತು ನಾಲ್ಕು ತಿಂಗಳಾಗಿತ್ತು. ನಸುಕಿನಲ್ಲಿ ಹಳ್ಳ ಸದ್ದೇ ಮಾಡುತ್ತಿರಲಿಲ್ಲ. ಬಸಿಲಿಯಾ ಬಕೆಟ್ ಇಟ್ಟು ಎಣಿಸಿದಳು. ಎಂಜಿನಿಯರ್ ಆರು ಎಣಿಸುವಷ್ಟರಲ್ಲಿ ತುಂಬಿದ್ದ ಬಕೆಟ್, ಅವಳು ಎಪ್ಪತ್ತು ಎಣಿಸಿದರೂ ತುಂಬಲಿಲ್ಲ.

"ನೀರೆಲ್ಲಿ ಹೋಯ್ತೋ?" ಎಂದು ಪಕ್ಕದಲ್ಲಿದ್ದ ರೆಮಿಹಿಯೊನತ್ತ ತಿರುಗಿದಳು.

"ನಮ್ಮ ನೀರು ಇಷ್ಟೇ ಅಕ್ಕ. ಮಧ್ಯಾಹ್ನ ನೀನು ನೋಡೋದು ಬಿಸಿಲಿಗೆ ಕರಗಿದ ಹಿಮ. ವರ್ಷ ವರ್ಷ ಬಿಸಿಲು ಏರ್ತಿದೆ, ಅದಕ್ಕೇ ನೀರೂ ಜಾಸ್ತಿ. ಹಿಮ ಮುಗಿದ ಮೇಲೆ ದಿನವಿಡೀ ಇಷ್ಟೇ."

ಅವಳು ತಲೆಯೆತ್ತಿದಳು. ಶಿಖರದ ಮೇಲೆ ಹರಿದ ಟೊಪ್ಪಿಯಷ್ಟು ಬಿಳುಪು ಉಳಿದಿತ್ತು.

"ಹಾಗಾದ್ರೆ ನನ್ನ ನಲ್ಲಿ?"

"ಕೊನೆ ಮನೆ ನಿನ್ನದು. ಮೊದಲು ಒಣಗೋದೂ ನಿನ್ನದೇ."

"ಮತ್ತೇನ್ ಮಾಡ್ಬೇಕು, ಬೊಗಳು."

"ನಾಲ್ಕು ಮನೆಗೊಂದು ನಲ್ಲಿ. ಉಳಿದ ಪೈಪಿನ ಬದಲು ಮಳೆನೀರಿನ ತೊಟ್ಟಿ. ಹಿಮದ ಕೆಳಗಿನ ಜೌಗಿಗೆ ಬೇಲಿ. ಮಳೆ ಹೀರಿಟ್ಟುಕೊಂಡು ಒಣಗಾಲದಲ್ಲಿ ಬಿಡೋದು ಅದೇ. ಅಲ್ಪಾಕ ತುಳಿದು ಹಾಳಾಗ್ತಿದೆ."

"ನನ್ನ ಅಲ್ಪಾಕಕ್ಕೂ ಬಂತಾ ಕತ್ತರಿ!" ಎಂದಳು. ಆದರೆ ದನಿಯಲ್ಲಿ ಕಾವು ಇರಲಿಲ್ಲ.

ಭಾನುವಾರ ಊರ ಸಭೆಯಲ್ಲಿ ಎದ್ದು ನಿಂತಳು. "ಹೆಬ್ಬೆಟ್ಟು ಒತ್ತಿದೋಳು ನಾನೇ, ಮನೆಗೊಂದು ನಲ್ಲಿ ಬೇಡ ಅನ್ನೋಳೂ ನಾನೇ. ನಂಬಿಕೆ ಇಲ್ಲದೋರು ನಾಳೆ ನಸುಕಿಗೆ ಹಳ್ಳಕ್ಕೆ ಬನ್ನಿ. ಬಕೆಟ್ ನಾನು ಕೊಡ್ತೀನಿ." ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾಲ್ಕು ಮನೆಗೊಂದು ನಲ್ಲಿಗೆ ಒಪ್ಪಿ ಒಂದೊಂದಾಗಿ ಕೈಗಳು ಮೇಲೆದ್ದವು. ಅಂಗಳದಲ್ಲಿ ನಲ್ಲಿ ತಿರುಗಿಸುವ ಆಸೆಯನ್ನು ಅಲ್ಲೇ ಬಿಟ್ಟು ಅವಳು ಮನೆಗೆ ನಡೆದಳು.

ನಿಮ್ಮೂರಿಗೂ ನೀರಿನ ಯೋಜನೆ ಬಂದೀತು. ತುಂಬಿ ಹರಿಯುವ ದಿನ ಅಳೆದು ಮೆರೆಯಬೇಡಿ. ಅತಿ ಒಣ ತಿಂಗಳಲ್ಲಿ, ಅತಿ ಕಡಿಮೆ ಹರಿಯುವ ಹೊತ್ತಿನಲ್ಲಿ ಅಳೆಯಿರಿ. ಮುಂದೆ ಅದಕ್ಕಿಂತ ಕಡಿಮೆ ಬರುತ್ತದೆಂದೇ ಯೋಜನೆ ಹಾಕಿ. ಅಳೆಯುವವರ ಜೊತೆ ನೀವೂ ಹೋಗಿ. ಮನೆಯಲ್ಲೇ ಕೂತು ಆಮೇಲೆ ಒಣ ನಲ್ಲಿಯನ್ನು ಬೈದರೆ ಅದಕ್ಕೆ ಕಿವಿಯಿಲ್ಲ.