ನೀರು ಕೆಂಪಾದರೆ

ಹಬೆ, ಹಬೆಯೊಳಗೆ ಒಂದು ಗೂಡು ಹೊರಳಿ ಮಗ್ಗುಲು ಬದಲಿಸಿತು, ದಿಲ್ಶಾದಳ ಬೆರಳು ತಾನಾಗಿಯೇ ಕುದಿನೀರಿಗಿಳಿದು ರೇಷ್ಮೆಯ ಎಳೆ ಹಿಡಿದೆತ್ತಿತು, ಸುಡಲಿಲ್ಲ, ಇಷ್ಟು ವರ್ಷದ ಮೇಲೆ ಸುಡುವುದಕ್ಕೆ ಅಲ್ಲಿ ಚರ್ಮವೆಲ್ಲಿ ಉಳಿದಿದೆ — ಅಲ್ಹಮ್ದುಲಿಲ್ಲಾ, ಈ ಬೆರಳುಗಳೇ ಅಲ್ಲವೇ ಮಿಸ್ಬಾಳನ್ನು ಓದಿಸಿ ಮೈಸೂರಿನ ಲ್ಯಾಬಿನವರೆಗೆ ಮುಟ್ಟಿಸಿದ್ದು — ಫೋನ್ ಇನ್ನೂ ಬಂದಿಲ್ಲ, ಕಿಟಕಿಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸುಮ್ಮನೆ ಬಿದ್ದಿದೆ, ಇವತ್ತು ಬಣ್ಣ ಬಂದ್ರೆ ಬಂತು ಅಮ್ಮೀ, ಬರದಿದ್ರೆ ಅವು ಸತ್ತಂಗೇ, ಎಂದಿದ್ದಳು ಮಗಳು — ಗೂಡು ಬೇಯುವ ಬೇಸಿನ್ನಿನ ನೀರು ಕೆಂಪಿಗೆ ತಿರುಗುತ್ತಿದೆ, ಬಿಟ್ಟರೆ ನೂಲಿನ ಹೊಳಪು ಹೋಗುತ್ತದೆ, ಚೆಲ್ಲಬೇಕು, ನೀರು ಕೆಂಪಾದರೆ ಚೆಲ್ಲು, ಅತ್ತೆ ಕಲಿಸಿದ್ದು, ಈ ಕೈಗೆ ಗೊತ್ತಿರುವುದು ಅದೊಂದೇ, ಅದಕ್ಕೇ ಅಲ್ಲವೇ ಆವತ್ತು, ರೈಲಿನ ದಣಿವಿಗೆ ಮಗಳು ಮಲಗಿದ್ದಾಗ, ಬ್ಯಾಗಿನ ಪಕ್ಕದ ಬಾಟಲಿಯಲ್ಲಿ ನಸುಗೆಂಪು ನೀರು ಕಂಡದ್ದೇ ತಡ, ಕೆಟ್ಟ ನೀರೆಂದು ಹಿತ್ತಲಿನ ಕಾದ ಚಪ್ಪಡಿಯ ಮೇಲೆ ಸುರಿದು, ಬಾಟಲಿ ತೊಳೆದು ಬೋರಲು ಹಾಕಿ, ದೊಡ್ಡ ಉಪಕಾರ ಮಾಡಿದವಳ ಹಾಗೆ ಸೆರಗಿಗೆ ಕೈ ಒರೆಸಿಕೊಂಡದ್ದು.

ಬಾಟ್ಲಿ ಎಲ್ಲಿ ಅಮ್ಮೀ, ಸಂಜೆ ಎದ್ದ ಮಿಸ್ಬಾಳ ಮುಖ ಬಿಳಿಚಿಕೊಂಡಿತ್ತು, ಅದು ರಾಜಸ್ಥಾನದ ಮರಳುಗಾಡಿನ ಉಪ್ಪುಕೆರೆ ನೀರು, ಅದರೊಳಗೆ ಜೀವ ಇತ್ತು, ಬ್ಯಾಕ್ಟೀರಿಯಾ, ಬೇರೆ ಯಾವ್ದೂ ಬದುಕದ ಬಿಸಿಲು ಉಪ್ಪಿನಲ್ಲೇ ಅವಕ್ಕೆ ಸುಖ, ನಮ್ಮ ರೋಡಲ್ಲಿ ಎದ್ದಿರೋ ಕಾರ್ಖಾನೆಗಳು ಬಿಡೋ ಉಪ್ಪುನೀರನ್ನ ಅವುಗಳಿಂದ ತಿಳಿ ಮಾಡಿಸ್ಬೇಕು ಅಂತಿದ್ದೆ, ಇದ್ದದ್ದೇ ಅದೊಂದು ಬಾಟ್ಲಿ — ಬೈಯಲಿಲ್ಲ ಹುಡುಗಿ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಕುಸಿದು ಕೂತು ಅತ್ತಳು, ಪಕ್ಕದ ಬೇಸಿನ್ನಿನ ಬೋರಮ್ಮ, ಅವಳ ಹೊಟ್ಟೆ ತಣ್ಣಗಿರಲಿ, ಅವಳೇ ಹಿತ್ತಲಿಗೆ ಹೋಗಿ ಬಗ್ಗಿ ನೋಡಿ ಕೂಗಿದ್ದು, ಅಳ್ಬ್ಯಾಡ ಬಾ ಮಗಾ, ಕಲ್ ಮ್ಯಾಲೆ ಒಸಿ ಉಪ್ಪು ಕೂತೈತೆ, ನಡುವೆ ಕೆಂಪಗೆ ಕಾಣ್ತೈತೆ — ಹೌದು, ಬಿಳಿ ಹಕ್ಕಳೆ, ನಡುವೆ ಉಗುರಿನಷ್ಟು ಗುಲಾಬಿ, ಮಿಸ್ಬಾ ಮಂಡಿಯೂರಿ ಬ್ಲೇಡಿನಲ್ಲಿ ಕೆರೆದುಕೊಂಡಳು, ಲ್ಯಾಬಲ್ಲಿ ಉಪ್ಪುನೀರಿಗೆ ಹಾಕಿಡ್ತೀನಿ, ಬದುಕಿದ್ರೆ ನೀರು ಮತ್ತೆ ಕೆಂಪಾಗುತ್ತೆ, ಉಪ್ಪಿನ ಹರಳೊಳಗೆ ಅವಿತುಕೊಂಡು ಬದುಕಿರ್ತವೆ ಅಮ್ಮೀ, ಒಂದೊಂದು ಸಲ — ಒಂದೊಂದು ಸಲ, ಆ ಮಾತಿಗೇ ಜೋತುಬಿದ್ದು ಪ್ರತಿ ನಮಾಜಿನಲ್ಲೂ ಕಣ್ಣಿಗೆ ಕಾಣದ ಆ ಜೀವಗಳಿಗಾಗಿ ದುವಾ ಮಾಡುತ್ತ ಬಂದಳಲ್ಲ ದಿಲ್ಶಾದ್, ಇದೇ ಕುದಿನೀರಿನ ಮುಂದೆ, ನಾನೂ ಇಲ್ಲೇ ಬದುಕಿಕೊಂಡೆ, ನೀವೂ ಬದುಕಿಕೊಳ್ಳಿ ತಾಯಂದಿರಾ, ಎಂದು — ಫೋನ್, ಫೋನೇ, ಚರಕ ತಿರುಗಿಸುತ್ತಿದ್ದ ಗಂಡ ಅನೀಸ್ ಎದ್ದು ತಂದು ಅವಳ ಕಿವಿಗೆ ಹಿಡಿದ, ಎರಡು ಕೈಯೂ ಒದ್ದೆ, ಒಂದು ಕೈಯಲ್ಲಿ ಚೆಲ್ಲಲೆಂದು ಮೊಗೆದ ಕೆಂಪು ನೀರಿನ ಮಗ್ಗು ಹಾಗೇ ನಿಂತಿದೆ, ಅಮ್ಮೀ, ಬಣ್ಣ ಬಂತು, ಬದುಕಿದ್ದಾವೆ — ಏನಂತಕ್ಕಾ, ಬೋರಮ್ಮ ಕೇಳುತ್ತಿದ್ದಾಳೆ, ಹೇಳಬೇಕು, ಅಲ್ಲಾಹನಿಗೆ ಶುಕರ್ ಎನ್ನಬೇಕು, ಮಗ್ಗು ಇಳಿಸಬೇಕು, ಕಾದ ಕಲ್ಲು, ಬಿಳಿ ಉಪ್ಪು, ನಡುವೆ ಉಗುರಿನಷ್ಟು ಗುಲಾಬಿ, ಉಗುರಿನಷ್ಟು ಗುಲಾಬಿ