ಕಂಬಳಿ ಹೊದ್ದ ಸೂಜಿ

ಬಿಷ್ಕೆಕ್‌ನ ಆ ಪ್ರಯೋಗಾಲಯದ ಸೂಕ್ಷ್ಮದರ್ಶಕದ ಸೂಜಿ ಎಂಥದ್ದು ಅಂದರೆ, ಚಿಗಟದ ಮೀಸೆಯ ಮೇಲಿಟ್ಟರೂ ಹದಿನಾಲ್ಕು ಬೆಟ್ಟ, ಮೂರು ಕಣಿವೆ ಹುಡುಕಿಕೊಡುತ್ತಿತ್ತು. ಕತ್ತಲಲ್ಲಿ ಗೋಡೆ ತಡವುತ್ತಾ ನಡೆಯುತ್ತೇವಲ್ಲ, ಹಾಗೆ ವಸ್ತುವಿನ ಮೈಯನ್ನು ಸಾಲು ಸಾಲಾಗಿ ತಡವಿ ಚಿತ್ರ ಬರೆಯುವ ಸೂಜಿ ಅದು. ಸೊಕ್ಕೂ ಅಷ್ಟೇ. ದೂರದ ಓಶ್‌ನಲ್ಲಿ ಒಂದು ಜರ್ದಾಳು ಉದುರಿದರೆ ಇಲ್ಲಿ ಚಿತ್ರ ಗಡಗಡ ನಡುಗುತ್ತಿತ್ತು.

ಅದನ್ನು ಪಳಗಿಸುವ ಕರ್ಮ ಅಲ್ಲಿನ ವಿಜ್ಞಾನಿ ಕನಿಶಾಯ್‌ಳದು. ಅಳತೆ ನೋಡಲೆಂದೇ ನೇರ ಗೆರೆ ಕೊರೆದ ಒಂದು ಚೂರು ಇತ್ತು. ಗೆರೆಗಳ ನಡುವಿನ ಅಂತರ ಮೊದಲೇ ಗೊತ್ತು. ಸೂಜಿ ಅದನ್ನು ತಡವಿ ಅಷ್ಟೇ ಅಂತರ ತೋರಿಸಬೇಕು. ತೋರಿಸುತ್ತಿದ್ದದ್ದು ಮಾತ್ರ ಕುಡಿದ ಸವಾರನ ಕುದುರೆ ಹೆಜ್ಜೆ. ಪ್ರತಿ ಸಲವೂ ಹೊಸ ಸೊಟ್ಟ.

ಸೋಮವಾರ ನಿರ್ದೇಶಕ ಮಾರ್ಲೆನ್ ಅಗಾಯ್, ಅಂದರೆ ಮಾರ್ಲೆನ್ ಮೇಷ್ಟ್ರು, ಗುಡುಗಿದರು. ಕಿಟಕಿ ಗಾಜು ಒಡೆಯದಿದ್ದದ್ದೇ ಪುಣ್ಯ.

"ಶುಕ್ರವಾರ ಹನ್ನೊಂದಕ್ಕೆ ಬರ್ತೀನಿ. ಮೂರು ಚಿತ್ರ ತಾಳೆ ಆಗಬೇಕು. ಇಲ್ಲಾಂದ್ರೆ ಯಂತ್ರ ಬೇರೆ ಊರಿಗೆ ಹೋಗುತ್ತೆ."

"ಅಗಾಯ್, ಅದಕ್ಕೆ ಸ್ವಲ್ಪ ಪುರುಸೊತ್ತು ಕೊಟ್ರೆ..."

"ಕಾಯೋದು ಮೀನು ಹಿಡಿಯೋರ ಕೆಲಸ ಕಣಮ್ಮ!"

ಮಂಗಳವಾರ ತೊಕ್ತೋಸುನ್ ಬಾಯ್ಕೆ ತಮ್ಮ ಅಜ್ಜಿ ಮಾಡಿದ್ದ ಉಣ್ಣೆಯ ದಪ್ಪ ಕಂಬಳಿ ಹೊತ್ತು ತಂದರು. ಬಾಯ್ಕೆ ಅಂದರೆ ಅಣ್ಣ; ಇವರು ಅಲ್ಲಿನ ಹಳೇ ಮೆಕ್ಯಾನಿಕ್. ಚಮಚದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿದ ಮನುಷ್ಯ. ಕಂಬಳಿ ಹೊದಿಸಿದ್ದೇ ಯಂತ್ರದ ನಡುಕ ನಿಂತಿತು. ಗೆರೆಯ ಸೊಟ್ಟ ಮಾತ್ರ ಹಾಗೇ ಉಳಿಯಿತು. ಕನಿಶಾಯ್ ಹತ್ತು ನಿಮಿಷಕ್ಕೊಮ್ಮೆ ಕಂಬಳಿ ಎತ್ತಿ ಇಣುಕುವಳು, ಏನೋ ತಿರುವುವಳು, ಮತ್ತೆ ಮುಚ್ಚುವಳು.

"ಏನೇ ತಂಗಿ, ಮನೆಗೆ ಬಂದ ಅತಿಥಿ ಟೋಪಿನ ಹೀಗೇ ಎತ್ತಿ ಎತ್ತಿ ನೋಡ್ತೀಯಾ?" ಅಂದರು ಬಾಯ್ಕೆ. "ಬಂದೋರನ್ನ ಏನು ಕೆಲಸ ಅಂತ ಬಾಗಿಲಲ್ಲೇ ಕೇಳ್ತೀವಾ? ಮೊದಲು ಚಹಾ. ಸುಧಾರಿಸ್ಕೊಳ್ಳಲಿ. ಆಮೇಲೆ ಮಾತು."

ಕನಿಶಾಯ್ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಕಂಬಳಿ ಎತ್ತಿದಾಗಲೆಲ್ಲ ತಣ್ಣನೆ ಗಾಳಿ ಒಳಗೆ, ಜೊತೆಗೆ ಅವಳ ಬಿಸಿಯುಸಿರು. ಯಂತ್ರದ ಲೋಹ ಹಿಗ್ಗುತ್ತೆ, ಕುಗ್ಗುತ್ತೆ. ಸೂಜಿ ತಡವುತ್ತಿರುವಾಗಲೇ ಚೂರು ಅದರಡಿ ಮೆಲ್ಲಗೆ ಜರುಗುತ್ತೆ!

ಗುರುವಾರ ಕೋಣೆಗೆ ಬೀಗ ಜಡಿದು, ಪಕ್ಕದ ಕೋಣೆಯ ಕಂಪ್ಯೂಟರಿನಿಂದಲೇ ಯಂತ್ರ ಓಡಿಸಿದಳು. ಎರಡು ಗಂಟೆ ಕಳೆದರೂ ಸೊಟ್ಟ. ನಾಲ್ಕು ಗಂಟೆ ಕಳೆದಾಗ ಅರೆಸೊಟ್ಟ. ಐದು ಗಂಟೆ ಕಳೆದ ಮೇಲೆ ಗೆರೆ ನೆಟ್ಟಗೆ.

ಶುಕ್ರವಾರ ನೋಡಿದರೆ, ಬೆಳಿಗ್ಗೆ ಒಂಬತ್ತರ ತನಕ ಕರೆಂಟೇ ಇಲ್ಲ. ಲೆಕ್ಕ ಸುಲಭ: ಯಂತ್ರ ಸುಧಾರಿಸಿಕೊಳ್ಳುವುದು ಮಧ್ಯಾಹ್ನ ಎರಡಕ್ಕೆ, ಅಗಾಯ್ ಬರುವುದು ಹನ್ನೊಂದಕ್ಕೆ.

"ಬಾಯ್ಕೆ, ಅವರು ಬಂದವರೇ ಕಂಬಳಿಗೆ ಕೈ ಹಾಕ್ತಾರೆ. ಮುಗೀತು ನನ್ನ ಕಥೆ."

"ಮೂರು ಗಂಟೆ ತಾನೆ? ನಮ್ಮಪ್ಪ ಒಬ್ಬ ಅತಿಥೀನ ಹನ್ನೊಂದು ದಿನ ಕೂರಿಸಿದ್ದ," ಅನ್ನುತ್ತಾ ಬಾಯ್ಕೆ ಹಿತ್ತಲಿಗೆ ಹೋಗಿ ಕುರಿಮಾಂಸಕ್ಕೆ ಹಂಡೆ ಏರಿಸಿದರು.

ಹನ್ನೊಂದಕ್ಕೆ ಅಗಾಯ್ ಬಂದವರೇ ಯಂತ್ರದ ಕೋಣೆಯ ಬಾಗಿಲಿಗೆ ನಡೆದರು. ಬಾಯ್ಕೆ ರೊಟ್ಟಿ ಹಿಡಿದು ಅಡ್ಡ ನಿಂತರು.

"ರೊಟ್ಟಿ ಮುರೀದೆ ಮುಂದೆ ಹೋಗ್ತೀರಾ, ಅಗಾಯ್?"

ಹೋಗುವುದುಂಟೇ? ಮುರಿದರು. ರೊಟ್ಟಿಯ ಹಿಂದೆ ಚಹಾ, ಚಹಾದ ಹಿಂದೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೂರ್ಸೋಕ್ ಹಿಮಾಲಯದಷ್ಟು, ಅದನ್ನು ಕರಗಿಸಲು ಕುದುರೆ ಹಾಲಿನ ಕುಮಿಸ್.

"ಇನ್ನು ಯಂತ್ರ ತೋರಿಸಮ್ಮ," ಅಂತ ಅವರು ಏಳುವಷ್ಟರಲ್ಲಿ ಇಡೀ ಕುರಿತಲೆ ಎದುರಿಗೆ ಬಂತು. ತನ್ನ ಮುಂದಿಟ್ಟ ತಲೆಯನ್ನು ಕೊಯ್ದು ಹಂಚದೆ ಎದ್ದ ಹಿರಿಯ ಆ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ.

"ತೊಕ್ತೋಸುನ್, ಇವತ್ತು ಯಾವ ಹಬ್ಬಾನಯ್ಯಾ?"

"ನೀವು ಬಂದದ್ದೇ ಹಬ್ಬ."

ಅಗಾಯ್ ಒಂದು ಕಿವಿ ಕೊಯ್ದು, ಪದ್ಧತಿಯಂತೆ ಕಿರಿಯಳಿಗೆ ಕೊಟ್ಟರು. "ತಗೋ ಮಗಳೇ. ದೊಡ್ಡೋರ ಮಾತು ಕೇಳೋದು ಕಲಿ."

ಮೂವತ್ತಾರು ವರ್ಷದ ವಿಜ್ಞಾನಿ ಗಡಿಯಾರ ನೋಡುತ್ತಾ ಕಿವಿ ಅಗಿದಳು. ಒಂದೂ ಇಪ್ಪತ್ತು. ಒಂದೂ ಮುಕ್ಕಾಲು. ಎರಡು!

ಕಂಪ್ಯೂಟರಿನಲ್ಲಿ ಒಂದು ಚಿತ್ರ ಇಳಿಯಿತು, ಎರಡು ಇಳಿಯಿತು, ಮೂರೂ ಇಳಿಯಿತು. ಗೆರೆಗಳು ರಸ್ತೆ ಬದಿಯ ಪಾಪ್ಲರ್ ಮರಗಳಂತೆ ನೆಟ್ಟಗಿದ್ದವು. ಅಗಾಯ್ ಅಂತರವನ್ನು ತಾವೇ ಅಳೆದರು, ಕನ್ನಡಕ ಒರೆಸಿ ಮತ್ತೆ ಅಳೆದರು. ಮೂರೂ ತಾಳೆ. ಒಂದು ತೇಗು ಬಂತು.

"ಏನು ಮಾಡಿದೆ?"

"ಏನೂ ಮಾಡ್ಲಿಲ್ಲ ಅಗಾಯ್. ಐದು ಗಂಟೆ ಅದನ್ನ ಮುಟ್ಟಲಿಲ್ಲ, ಅಷ್ಟೇ."

"ಸೋಮವಾರ ನೀನು ಪುರುಸೊತ್ತು ಕೇಳಿದ್ದು..."

"ಇದಕ್ಕೇ. ಆದ್ರೆ ಆಗ ನನಗೂ ಅದು ಗೊತ್ತಿರ್ಲಿಲ್ಲ."

ಅಗಾಯ್ ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ ಬಾಯ್ಕೆ ಕಡೆ ತಿರುಗಿದರು.

"ಯಂತ್ರ ಇಲ್ಲೇ ಇರುತ್ತೆ. ತೊಕ್ತೋಸುನ್, ಆ ಇನ್ನೊಂದು ಕಿವಿ ಉಳಿದಿದೆಯಾ?"

"ಇದೆ ಅಗಾಯ್. ಯಾರಿಗೆ?"

"ತಾರಯ್ಯಾ ಇಲ್ಲಿ. ನನಗೇ."